ಒಂದು ಸಾಲು ಅಳಿಸಲು ಇಷ್ಟು ಭಯ ಯಾಕೆ? ಸಿಎಸ್‌ಎಸ್ ಜಗಳದ ಹಿನ್ನೆಲೆ

ಫ್ರಂಟ್‌ಎಂಡ್ ಕೆಲಸ ಮಾಡುವ, ಅಂದರೆ ವೆಬ್ ಪುಟದ ಕಣ್ಣಿಗೆ ಕಾಣುವ ಭಾಗ ಕಟ್ಟುವ ನಾಲ್ಕು ಜನ ಕೂತಿರುವ ಕಡೆ 'ಟೈಲ್‌ವಿಂಡ್ ಒಳ್ಳೇದಾ?' ಅಂತ ಕೇಳಿ ನೋಡಿ. (ಪುಟದ ಬಣ್ಣ, ಅಳತೆ, ಜೋಡಣೆ ಹೇಳುವ ಭಾಷೆ ಸಿಎಸ್‌ಎಸ್. ಅದನ್ನು ಬಳಸಲು ಇರುವ ಒಂದು ಟೂಲ್ ಟೈಲ್‌ವಿಂಡ್.) ಆ ಹೊತ್ತಿನ ಕೆಲಸ ಅಲ್ಲಿಗೆ ನಿಂತಿತು ಅಂತಲೇ ಲೆಕ್ಕ. ಪುಟದ ವಿಷಯ ಬರೆಯುವ ಎಚ್‌ಟಿಎಂಎಲ್ ತುಂಬಾ ಕ್ಲಾಸ್‌ಗಳ (ಸ್ಟೈಲ್ ಹಚ್ಚಲು ಕೊಡುವ ಹೆಸರುಗಳ) ಕಸ ಸುರಿದಿದ್ದಾರೆ ಎಂದು ಒಬ್ಬರು ಗೊಣಗುತ್ತಾರೆ. ಇಷ್ಟು ಬೇಗ ಪುಟ ಕಟ್ಟಿದ್ದು ಇದೇ ಮೊದಲು ಎಂದು ಇನ್ನೊಬ್ಬರು ಹೇಳುತ್ತಾರೆ. ಸಿಎಸ್‌ಎಸ್ ಸರಿಯಾಗಿ ಕಲಿತಿದ್ದರೆ ಇದ್ಯಾವುದೂ ಬೇಕಿರಲಿಲ್ಲ ಎಂಬುದು ಮೂರನೆಯವರ ವಾದ. ನಾಲ್ಕನೆಯವರು ಸುಮ್ನೆ ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ.

ಹೊರಗಿನವರಿಗೆ ಇದು ಬರೀ ಇಷ್ಟಾನಿಷ್ಟದ ಜಗಳ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಈ ಕ್ಷೇತ್ರದಲ್ಲಿ ಬಂದ ಹೆಚ್ಚಿನ ಹೊಸ ಟೂಲ್‌ಗಳ ಹಿಂದೆ ಒಂದೇ ಭಯವಿದೆ. ಈ ಸಾಲು ಅಳಿಸಿದರೆ ಎಲ್ಲೋ ಇನ್ನೊಂದು ಪುಟ ಕೆಡುತ್ತದೆಯೇ? ಸಿಎಸ್‌ಎಸ್‌ನಲ್ಲಿ ಹೊಸ ನಿಯಮ ಬರೆಯುವುದು ಸುಲಭ. ಬರೆದದ್ದನ್ನು ತೆಗೆಯುವುದು ಕಷ್ಟ. ಇದು ಯಾರದೋ ಎಡವಟ್ಟಿನಿಂದ ಆದದ್ದೂ ಅಲ್ಲ. ಆ ಭಾಷೆ ಹುಟ್ಟಿದ ಕಾರಣದಲ್ಲೇ ಅದರ ಬೇರಿದೆ.

ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿದ್ದ ನಾರ್ವೆಯ ಹೋಕನ್ ವಿಯುಮ್ ಲೀ ಸಿಎಸ್‌ಎಸ್‌ನ ಮೊದಲ ಪ್ರಸ್ತಾವವನ್ನು 1994ರ ಅಕ್ಟೋಬರ್ 10ರಂದು ಹೊರಗಿಟ್ಟರು. ಆಗ ವೆಬ್ ಅಂದರೆ ಓದುವ ದಾಖಲೆಗಳು. ಪುಟ ಹೇಗೆ ಕಾಣಬೇಕು ಎಂಬುದರಲ್ಲಿ ಬರೆದವರಿಗೂ ಹಕ್ಕಿದೆ, ಓದುವವರಿಗೂ ಹಕ್ಕಿದೆ ಎಂಬುದು ಲೀ ಅವರ ಆಲೋಚನೆ. ಆ ಪ್ರಸ್ತಾವದಲ್ಲಿ ಒಂದು ಸ್ವಾರಸ್ಯವಿತ್ತು. ಪ್ರತಿ ನಿಯಮಕ್ಕೂ ಶೇಕಡಾವಾರು ತೂಕ ಕೊಡಬಹುದಿತ್ತು. ತಲೆಬರಹದ ಅಕ್ಷರ ಇಷ್ಟು ದೊಡ್ಡದಿರಲಿ, ಆದರೆ ನನ್ನ ಮಾತಿಗೆ ಶೇಕಡ 40ರಷ್ಟು ಬೆಲೆ ಕೊಟ್ಟರೆ ಸಾಕು ಎಂದು ಬರೆಯಬಹುದಿತ್ತು. ಉಳಿದದ್ದನ್ನು ಬೇರೆ ಸ್ಟೈಲ್‌ಶೀಟ್‌ಗಳು (ಇಂಥ ನಿಯಮಗಳ ಪಟ್ಟಿಗಳು) ಹಂಚಿಕೊಳ್ಳಬೇಕು. ಶೇಕಡಾವಾರು ಲೆಕ್ಕ ಮುಂದೆ ಬಿದ್ದುಹೋಯಿತು. ಆದರೆ ಹಲವರ ನಿಯಮಗಳು ಒಂದೇ ಪುಟದ ಮೇಲೆ ಬಂದು ಬೀಳುತ್ತವೆ, ಅವುಗಳ ನಡುವೆ ಬ್ರೌಸರ್ ತೀರ್ಪು ಕೊಡುತ್ತದೆ ಎಂಬ ಮೂಲ ವಿಚಾರ ಉಳಿಯಿತು. ಅದೇ ಕ್ಯಾಸ್ಕೇಡ್.

ಬರ್ಟ್ ಬೊಸ್ ಜೊತೆ ಸೇರಿ ಲೀ ಬೆಳೆಸಿದ ಈ ಭಾಷೆಯ ಮೊದಲ ಆವೃತ್ತಿಗೆ 1996ರ ಡಿಸೆಂಬರ್ 17ರಂದು ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿಯ ಮುದ್ರೆ ಬಿತ್ತು. ಅದರಲ್ಲಿ '!ಇಂಪಾರ್ಟೆಂಟ್' ಎಂದು ಒತ್ತಿ ಹೇಳಿದರೆ ಪುಟ ಬರೆದವರ ಮಾತೇ ಗೆಲ್ಲುತ್ತಿತ್ತು. 1998ರ ಎರಡನೇ ಆವೃತ್ತಿ ಇದನ್ನು ತಿರುಗಿಸಿತು. ಕೊನೆಯ ಮಾತು ಓದುವವರದಾಯಿತು. ದೃಷ್ಟಿ ಮಂದವಾಗಿರುವವರು ದೊಡ್ಡ ಅಕ್ಷರ ಕೇಳಿದರೆ ಯಾವ ಡಿಸೈನರ್ ಕೂಡ ಅಡ್ಡ ಬರಬಾರದು, ಅಲ್ವಾ? ಇವತ್ತು ಡೆವಲಪರ್‌ಗಳು ಶಾಪ ಹಾಕುವ ಕ್ಯಾಸ್ಕೇಡ್ ಇಂಥ ಉದಾರ ಮನಸ್ಸಿನಿಂದ ಬಂದದ್ದು. ಅದರ ಇನ್ನೊಂದು ಮುಖ ಏನೆಂದರೆ, ಇಲ್ಲಿ ಯಾವ ನಿಯಮಕ್ಕೂ ಬೇಲಿ ಇಲ್ಲ. ಒಂದು ಫೈಲ್‌ನಲ್ಲಿ ಬರೆದದ್ದು ಅದು ಲೋಡ್ ಆಗುವ ಪ್ರತಿ ಪುಟದ ಯಾವ ಮೂಲೆಗಾದರೂ ತಗುಲಬಹುದು.

ಆ ಕಾಲದಲ್ಲೇ ಬ್ರೌಸರ್ ಕಂಪನಿ ನೆಟ್‌ಸ್ಕೇಪ್ ಇನ್ನೊಂದು ದಾರಿ ತೋರಿಸಿತ್ತು. ಸ್ಟೈಲ್ ಬರೆಯಲು ಹೊಸ ಭಾಷೆ ಯಾಕೆ, ಬ್ರೌಸರ್‌ನಲ್ಲಿ ಓಡುವ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್‌ನಲ್ಲೇ ಬರೆಯೋಣ ಎಂದು 1996ರಲ್ಲಿ ಡಬ್ಲ್ಯು3ಸಿ ಮುಂದೆ ಪ್ರಸ್ತಾವ ಇಟ್ಟಿತು. ಅದು ಒಪ್ಪಿಗೆಯಾಗಲಿಲ್ಲ. 1997ರ ನೆಟ್‌ಸ್ಕೇಪ್ 4 ಬ್ರೌಸರ್ ಸಿಎಸ್‌ಎಸ್ ಅನ್ನು ಆ ಜಾವಾಸ್ಕ್ರಿಪ್ಟ್ ವ್ಯವಸ್ಥೆಯ ಮೂಲಕವೇ ನಡೆಸುತ್ತಿತ್ತು. ಹಾಗಾಗಿ ಜಾವಾಸ್ಕ್ರಿಪ್ಟ್ ಆಫ್ ಮಾಡಿದರೆ ಸಿಎಸ್‌ಎಸ್ ಕೂಡ ಆಫ್! ಸುಮಾರು 20 ವರ್ಷದ ನಂತರ ಇದೇ ವಿಚಾರ ಹೊಸ ಹೆಸರಿನಲ್ಲಿ ವಾಪಸ್ ಬಂತು. ಅದಕ್ಕೆ ಆಮೇಲೆ ಬರೋಣ.

ನಡುವಿನ ವರ್ಷಗಳ ಕಥೆ ಹಲವರಿಗೆ ಗೊತ್ತಿರುವುದೇ. ಬ್ರೌಸರ್‌ಗಳು ಒಂದೊಂದು ರೀತಿ ನಡೆದುಕೊಳ್ಳುತ್ತಿದ್ದವು. ಜನ ಟೇಬಲ್‌ಗಳ ಒಳಗೆ ಟೇಬಲ್ ಇಟ್ಟು, ಕಾಣದ ಪುಟ್ಟ ಜಿಐಎಫ್ ಚಿತ್ರ ಎಳೆದು ಜಾಗ ಹೊಂದಿಸಿ ಪುಟ ಕಟ್ಟುತ್ತಿದ್ದರು. 2003ರಲ್ಲಿ ಡೇವ್ ಶೇ ಶುರು ಮಾಡಿದ ಸಿಎಸ್‌ಎಸ್ ಝೆನ್ ಗಾರ್ಡನ್ ಎಂಬ ತಾಣ ಆ ಅಭ್ಯಾಸಕ್ಕೆ ದೊಡ್ಡ ಪೆಟ್ಟು ಕೊಟ್ಟಿತು. ಎಚ್‌ಟಿಎಂಎಲ್ ಒಂದೇ. ಸಿಎಸ್‌ಎಸ್ ಫೈಲ್ ಮಾತ್ರ ಬದಲು. ಪುಟದ ರೂಪ ಪೂರ್ತಿ ಬೇರೆ. ಅದನ್ನು ನೋಡಿ ಒಂದು ಇಡೀ ಪೀಳಿಗೆ 'ವಿಷಯ ಬೇರೆ, ರೂಪ ಬೇರೆ' ಎಂಬ ಪಾಠ ಕಲಿತಿತು.

ಆ ಪಾಠ ಸುಳ್ಳಲ್ಲ. ಆದರೆ ಅಲ್ಲಿ ಇದ್ದದ್ದು ಒಂದೇ ಪುಟ, ಬದಲಾಗದ ಎಚ್‌ಟಿಎಂಎಲ್. ಕಂಪನಿಗಳಲ್ಲಿ ನಡೆಯುವುದು ಉಲ್ಟಾ. ಎಚ್‌ಟಿಎಂಎಲ್ ದಿನಾ ಬದಲಾಗುತ್ತದೆ, ನೂರಾರು ಪುಟಗಳಿರುತ್ತವೆ, ಹತ್ತಾರು ಜನ ಒಂದೇ ಸಿಎಸ್‌ಎಸ್ ಫೈಲ್‌ಗೆ ಕೈ ಹಾಕುತ್ತಾರೆ. ಹಳೆಯ ನಿಯಮ ಯಾವುದಕ್ಕೆ ಬೇಕೋ ಯಾರಿಗೂ ಖಾತ್ರಿ ಇರುವುದಿಲ್ಲ. ತೆಗೆಯಲು ಧೈರ್ಯವಿಲ್ಲ. ಹಾಗಾಗಿ ಅದರ ಕೆಳಗೆ ಅದನ್ನು ಸೋಲಿಸುವ ಇನ್ನೊಂದು ನಿಯಮ ಬರೆಯುತ್ತಾರೆ. ಫೈಲ್ ಬೆಳೆಯುತ್ತಾ ಹೋಗುತ್ತದೆ.

ಇಲ್ಲಿ ಸ್ಪೆಸಿಫಿಸಿಟಿ ಎಂಬ ಲೆಕ್ಕ ಇನ್ನಷ್ಟು ಕಾಟ ಕೊಡುತ್ತದೆ. ಎರಡು ನಿಯಮ ಒಂದೇ ಬಟನ್‌ಗೆ ಬೇರೆ ಬಣ್ಣ ಹೇಳಿದರೆ ಯಾವ ಸೆಲೆಕ್ಟರ್ (ನಿಯಮ ಯಾವುದಕ್ಕೆ ತಗುಲಬೇಕು ಎಂದು ಹೇಳುವ ಭಾಗ) ಜಾಸ್ತಿ ನಿಖರವೋ ಅದು ಗೆಲ್ಲುತ್ತದೆ. ಪುಟದಲ್ಲಿ ಒಂದೇ ಒಂದು ಭಾಗಕ್ಕೆ ಕೊಡುವ ಹೆಸರಾದ ಐಡಿ ಮುಂದೆ ಎಷ್ಟು ಕ್ಲಾಸ್ ಪೇರಿಸಿದರೂ ಸೋಲೇ. (ಒಂದು ಕಾಲದಲ್ಲಿ ಕೆಲವು ಬ್ರೌಸರ್‌ಗಳು ಈ ಲೆಕ್ಕವನ್ನು 8 ಬಿಟ್‌ಗಳಲ್ಲಿ ಇಡುತ್ತಿದ್ದವು. ಅಲ್ಲಿ 256 ಕ್ಲಾಸ್ ಪೇರಿಸಿದರೆ ಐಡಿಯೂ ಸೋಲುತ್ತಿತ್ತು. ಯಾರೂ ನಿಜವಾದ ಕೆಲಸದಲ್ಲಿ ಹಾಗೆ ಮಾಡಿರಲಿಕ್ಕಿಲ್ಲ ಅಂದುಕೊಳ್ಳೋಣ.) 2006ರಲ್ಲಿ ಬಂದ, ಸಿಎಸ್‌ಎಸ್ ತಯಾರಿಸಿಕೊಡುವ ಸಾಸ್ ಎಂಬ ಟೂಲ್, ವೇರಿಯೇಬಲ್ (ಮೌಲ್ಯಕ್ಕೆ ಹೆಸರಿಡುವುದು) ಮತ್ತು ನೆಸ್ಟಿಂಗ್ (ನಿಯಮದೊಳಗೆ ನಿಯಮ) ಕೊಟ್ಟು ಬರೆಯುವವರ ಕೈಗೆ ಆರಾಮ ಕೊಟ್ಟಿತು. ಆದರೆ ನಾಲ್ಕೈದು ಹಂತ ನೆಸ್ಟ್ ಮಾಡಿದವರಿಗೆ ಸಿಕ್ಕಿದ್ದು ಮಾರುದ್ದದ ಸೆಲೆಕ್ಟರ್‌ಗಳು. ಅವನ್ನು ಸೋಲಿಸಲು ಇನ್ನೂ ಉದ್ದದವು ಬೇಕು.

ಮೊದಲು ಬಂದ ಪರಿಹಾರಗಳು ಬರೀ ಶಿಸ್ತು. 2009ರ ಆಸುಪಾಸಿನಲ್ಲಿ ನಿಕೋಲ್ ಸಲಿವನ್ ಮತ್ತೆ ಮತ್ತೆ ಬಳಸಬಹುದಾದ ಸಣ್ಣ ತುಂಡುಗಳಾಗಿ ಸಿಎಸ್‌ಎಸ್ ಬರೆಯಿರಿ ಎಂದರು. ರಷ್ಯಾದ ಯಾಂಡೆಕ್ಸ್ ಕಂಪನಿಯವರು ಬೆಮ್ ಎಂಬ ಹೆಸರಿಡುವ ಪದ್ಧತಿ ತಂದರು. ಬ್ಲಾಕ್ ಹೆಸರು, ಎರಡು ಅಂಡರ್‌ಸ್ಕೋರ್, ಒಳಗಿನ ಭಾಗದ ಹೆಸರು, ಹೀಗೆ. ನೋಡಲು ಚೆಂದವಿಲ್ಲ. ಆದರೆ ಹೆಸರು ಓದಿದರೆ ಆ ನಿಯಮ ಯಾರ ಮನೆಯದು ಅಂತ ಗೊತ್ತಾಗುತ್ತದೆ. ಭಾಷೆ ಹಾಕದ ಬೇಲಿಯನ್ನು ಹೆಸರಿನಲ್ಲಿ ಹಾಕಿದ್ದರು. ಇಡೀ ತಂಡ ತಪ್ಪದೆ ಪಾಲಿಸಿದರೆ ಬೆಮ್ ಇವತ್ತಿಗೂ ಕೆಲಸ ಮಾಡುತ್ತದೆ. ತಂಡಕ್ಕೆ ಹೊಸಬರು ಬರುತ್ತಾರೆ, ಡೆಡ್‌ಲೈನ್ ಬರುತ್ತದೆ, ಶಿಸ್ತು ಸಡಿಲವಾಗುತ್ತದೆ. ಅಷ್ಟೇ ಅದರ ತೊಂದರೆ.

ಜಾವಾಸ್ಕ್ರಿಪ್ಟ್ ಕಡೆಯವರ ಪ್ರವೇಶ

ಪುಟವನ್ನು ಕಾಂಪೊನೆಂಟ್ ಎಂಬ ತುಂಡುಗಳಾಗಿ ಜಾವಾಸ್ಕ್ರಿಪ್ಟ್‌ನಲ್ಲಿ ಕಟ್ಟುವ ರಿಯಾಕ್ಟ್ ಲೈಬ್ರರಿಯನ್ನು 2013ರಲ್ಲಿ ಫೇಸ್‌ಬುಕ್ ಎಲ್ಲರಿಗೂ ತೆರೆದಿಟ್ಟಿತು. ಮಾರನೇ ವರ್ಷದ ನವೆಂಬರ್‌ನಲ್ಲಿ ಅದೇ ಕಂಪನಿಯ ಕ್ರಿಸ್ಟೋಫರ್ ಶೆಡೊ ಒಂದು ಭಾಷಣದಲ್ಲಿ ದೊಡ್ಡ ತಂಡಗಳನ್ನು ಸಿಎಸ್‌ಎಸ್ ಹೇಗೆ ಕಾಡುತ್ತದೆ ಎಂದು 7 ತೊಂದರೆಗಳ ಪಟ್ಟಿ ಕೊಟ್ಟರು. ಎಲ್ಲ ಹೆಸರುಗಳೂ ಗ್ಲೋಬಲ್, ಅಂದರೆ ಎಲ್ಲೆಡೆ ಅನ್ವಯ. ಯಾವ ಫೈಲ್ ಯಾವುದನ್ನು ನಂಬಿಕೊಂಡಿದೆ ತಿಳಿಯದು. ಸತ್ತ ಕೋಡ್ ಯಾವುದು ಹೇಳಲಾಗದು. ಫೈಲ್‌ಗಳು ಲೋಡ್ ಆಗುವ ಕ್ರಮ ಬದಲಾದರೆ ಫಲಿತಾಂಶವೂ ಬದಲು. ಇವೆಲ್ಲಕ್ಕೂ ಅವರ ಉತ್ತರ ಒಂದೇ: ಸ್ಟೈಲ್‌ಗಳನ್ನು ಜಾವಾಸ್ಕ್ರಿಪ್ಟ್‌ನಲ್ಲೇ ಬರೆಯಿರಿ. ನೆಟ್‌ಸ್ಕೇಪ್‌ನ ಹಳೆಯ ವಿಚಾರ ಈ ಸಲ ದೊಡ್ಡ ತಂಡಗಳ ನೋವಿನ ಬೆಂಬಲದೊಂದಿಗೆ ಬಂದಿತ್ತು.

ಕೇಳಿದವರಲ್ಲಿ ಅರ್ಧ ಜನಕ್ಕೆ ಖುಷಿ, ಅರ್ಧ ಜನಕ್ಕೆ ಕೋಪ. ವರ್ಷಗಟ್ಟಲೆ ಸಿಎಸ್‌ಎಸ್ ಪಳಗಿಸಿಕೊಂಡವರಿಗೆ ಇದು ತಮ್ಮ ವಿದ್ಯೆಗೇ ಮಾಡಿದ ಅವಮಾನದಂತೆ ಕಂಡಿತು. 'ಭಾಷೆ ಕೆಟ್ಟಿಲ್ಲ, ನಿಮಗೆ ಬರುವುದಿಲ್ಲ' ಎಂಬ ಮಾತು ಆಗಲೇ ಹುಟ್ಟಿದ್ದು. ಎರಡೂ ಕಡೆಯವರು ಬೇರೆ ಬೇರೆ ಕೆಲಸದ ಬಗ್ಗೆ ಮಾತಾಡುತ್ತಿದ್ದರು ಎಂದು ನನ್ನ ಅಂದಾಜು. ಒಬ್ಬರೇ ಕೂತು ಸುದ್ದಿತಾಣ ಕಟ್ಟುವವರಿಗೆ ಕ್ಯಾಸ್ಕೇಡ್ ವರ. ನೂರು ಜನ ಸೇರಿ ಆ್ಯಪ್ ಕಟ್ಟುವವರಿಗೆ ಅದೇ ತಲೆನೋವು. 2019ರ ಜನವರಿಯಲ್ಲಿ ಕ್ರಿಸ್ ಕೊಯಿಯರ್ ಈ ಬಿರುಕಿನ ಬಗ್ಗೆ ಬರೆದರು. ಫ್ರಂಟ್‌ಎಂಡ್ ಡೆವಲಪರ್ ಎಂಬ ಒಂದೇ ಹುದ್ದೆಯೊಳಗೆ ಎರಡು ಬಗೆಯ ಜನರಿದ್ದಾರೆ. ಒಬ್ಬರ ಲೋಕ ಜಾವಾಸ್ಕ್ರಿಪ್ಟ್ ಸುತ್ತ. ಇನ್ನೊಬ್ಬರದು ಎಚ್‌ಟಿಎಂಎಲ್, ಸಿಎಸ್‌ಎಸ್, ಡಿಸೈನ್, ಎಲ್ಲರಿಗೂ ಬಳಸಲು ಬರುವಂಥ ಪುಟಗಳ ಸುತ್ತ. ಕೆಲಸಕ್ಕೆ ಕರೆಯುವಾಗ ಯಾವ ಜ್ಞಾನಕ್ಕೆ ಬೆಲೆ ಎಂಬ ಪ್ರಶ್ನೆಯೂ ಇದರಲ್ಲಿ ಸೇರಿಕೊಂಡಿತ್ತು. ಜಗಳಕ್ಕೆ ಅಷ್ಟು ಕಾವು ಬಂದದ್ದು ಅದರಿಂದಲೇ.

2016ರಲ್ಲಿ ಬಂದ ಸ್ಟೈಲ್ಡ್ ಕಾಂಪೊನೆಂಟ್ಸ್ ಲೈಬ್ರರಿ, ಸ್ಟೈಲ್ ಅನ್ನು ಜಾವಾಸ್ಕ್ರಿಪ್ಟ್‌ನಲ್ಲೇ ಬರೆಯುವ ವಿಚಾರವನ್ನು ಜನಪ್ರಿಯ ಮಾಡಿತು. ಕಾಂಪೊನೆಂಟ್ ಅಳಿಸಿದರೆ ಅದರ ಸ್ಟೈಲ್ ಕೂಡ ಹೋಗುತ್ತದೆ. ಭಯ ಹೋಯಿತು. ಆದರೆ ಬೆಲೆ ಕಟ್ಟಿದ್ದು ಪುಟ ನೋಡುವವರು. ಅವರ ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿ, ಸ್ಟೈಲ್ ಲೆಕ್ಕ ಹಾಕಿ, ಅದನ್ನು ಪುಟಕ್ಕೆ ಸೇರಿಸಬೇಕು. 2022ರಲ್ಲಿ ಇದೇ ಬಗೆಯ ಎಮೋಷನ್ ಲೈಬ್ರರಿಯನ್ನು ನೋಡಿಕೊಳ್ಳುತ್ತಿದ್ದ ಸ್ಯಾಮ್ ಮಗುರಾ ಅವರೇ ತಮ್ಮ ತಂಡ ಇದನ್ನು ಬಿಡುತ್ತಿದೆ ಎಂದು ಬರೆದರು. ಅವರು ಅಳೆದ ಕಾಂಪೊನೆಂಟ್ ಒಂದರಲ್ಲಿ ಎಮೋಷನ್ ತೆಗೆದ ಮೇಲೆ ರೆಂಡರ್ ಸಮಯ (ಅದನ್ನು ಪುಟದಲ್ಲಿ ಮೂಡಿಸಲು ಹಿಡಿಯುವ ಸಮಯ) ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಅಷ್ಟರಲ್ಲಿ ರಿಯಾಕ್ಟ್ ಕೂಡ ಸರ್ವರ್ ಕಡೆ ವಾಲುತ್ತಿತ್ತು. ಈ ಲೈಬ್ರರಿಗಳಿಗೆ ಆ ದಾರಿ ಒಗ್ಗಲಿಲ್ಲ. 2025ರಲ್ಲಿ ಸ್ಟೈಲ್ಡ್ ಕಾಂಪೊನೆಂಟ್ಸ್ ಬರೀ ನಿರ್ವಹಣೆಯ ಹಂತಕ್ಕೆ ಬಂತು.

ಟೈಲ್‌ವಿಂಡ್ ಕೇಳಿದ ಪ್ರಶ್ನೆ

ಇನ್ನೊಂದು ಬಳ್ಳಿ ಯಾಹೂನಲ್ಲಿ ಚಿಗುರಿತ್ತು. ಅಲ್ಲಿದ್ದ ತಿಯೆರಿ ಕೊಬ್ಲೆಂಟ್ಸ್ 2013ರಲ್ಲೇ 'ಒಂದು ಕ್ಲಾಸ್, ಒಂದು ಕೆಲಸ' ಎಂಬ ಅಟಾಮಿಕ್ ಸಿಎಸ್‌ಎಸ್ ಪರ ವಾದಿಸಿ ಬೈಸಿಕೊಂಡಿದ್ದರು. 2017ರಲ್ಲಿ ಆ್ಯಡಮ್ ವಾದನ್ ಅದಕ್ಕೆ ಒಳ್ಳೆಯ ತರ್ಕ ಕೊಟ್ಟರು. ಇಡೀ ಜಗಳದಲ್ಲಿ ನನಗೆ ಅತ್ಯಂತ ಸ್ಪಷ್ಟ ಅನ್ನಿಸಿದ ಮಾತು ಅದೇ. ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ನಿಜವಾಗಿ ಬೇರೆ ಆಗಿಲ್ಲ, ಒಂದು ಇನ್ನೊಂದನ್ನು ನಂಬಿಕೊಂಡೇ ಇರುತ್ತದೆ ಎಂದರು ಅವರು. 'ಲೇಖಕರ ಪರಿಚಯ' ಎಂದು ಕ್ಲಾಸ್‌ಗೆ ಹೆಸರಿಟ್ಟರೆ ಸಿಎಸ್‌ಎಸ್ ನಿಮ್ಮ ಎಚ್‌ಟಿಎಂಎಲ್ ಅನ್ನು ನಂಬಿಕೊಂಡಿತು. ರೂಪ ಬದಲಿಸಬಹುದು, ಆದರೆ ಆ ಸಿಎಸ್‌ಎಸ್ ಬೇರೆ ಕಡೆ ಬಳಸಲಾಗದು. 'ಕಾರ್ಡ್' ಎಂದಿಟ್ಟರೆ ಎಚ್‌ಟಿಎಂಎಲ್ ಸಿಎಸ್‌ಎಸ್ ಅನ್ನು ನಂಬಿಕೊಂಡಿತು. ಎಲ್ಲಿ ಬೇಕಾದರೂ ಬಳಸಬಹುದು. ನಿಮಗೆ ಯಾವುದು ಬೇಕೋ ಆರಿಸಿಕೊಳ್ಳಿ. ಝೆನ್ ಗಾರ್ಡನ್ ಮೊದಲನೆಯದನ್ನು ಆರಿಸಿತ್ತು. ಕಂಪನಿಗಳಿಗೆ ಬೇಕಿರುವುದು ಹೆಚ್ಚಿನ ಸಲ ಎರಡನೆಯದು.

ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಅವರೂ ಸೇರಿ ಕಟ್ಟಿದ ಟೈಲ್‌ವಿಂಡ್ ಬಂತು. ಪ್ಯಾಡಿಂಗ್‌ಗೊಂದು ಕ್ಲಾಸ್, ಬಣ್ಣಕ್ಕೊಂದು ಕ್ಲಾಸ್, ಎಲ್ಲವೂ ಎಚ್‌ಟಿಎಂಎಲ್‌ನಲ್ಲೇ. ಓದಲು ಕಣ್ಣಿಗೆ ಹಿಂಸೆ, ನಿಜ. ಆದರೆ ಎಚ್‌ಟಿಎಂಎಲ್ ತುಂಡನ್ನು ಅಳಿಸಿದರೆ ಅದರ ರೂಪವೂ ಹೋಯಿತು. ಬೇರೆ ಎಲ್ಲೂ ಏನೂ ಕೆಡುವುದಿಲ್ಲ. ಹೊಸ ಪುಟ ಬಂದರೂ ಸಿಎಸ್‌ಎಸ್ ಹೆಚ್ಚೇನೂ ಬೆಳೆಯುವುದಿಲ್ಲ, ಯಾಕೆಂದರೆ ಹಳೆಯ ಕ್ಲಾಸ್‌ಗಳೇ ಸಾಕು. ಇಂಥದ್ದೇ ಅಟಾಮಿಕ್ ತತ್ವ ಬಳಸಿದ ಫೇಸ್‌ಬುಕ್, ತನ್ನ ಹೊಸ ತಾಣದ ಮುಖಪುಟದ ಸಿಎಸ್‌ಎಸ್ ಶೇಕಡ 80ರಷ್ಟು ಕಡಿಮೆಯಾಯಿತು ಎಂದು 2020ರಲ್ಲಿ ಹೇಳಿತು.

ವಿರೋಧಿಗಳ ಮಾತಿನಲ್ಲೂ ಹುರುಳಿದೆ. ರಿಯಾಕ್ಟ್‌ನಂಥ ಕಾಂಪೊನೆಂಟ್ ವ್ಯವಸ್ಥೆ ಇಲ್ಲದ ಕಡೆ, ಒಂದೇ ಬಟನ್ ಐವತ್ತು ಜಾಗದಲ್ಲಿದ್ದರೆ ಅದೇ ಕ್ಲಾಸ್‌ಗಳ ಸಾಲು ಐವತ್ತು ಸಲ ಬರೆಯಬೇಕು. ಇನ್ನೊಂದು ಚಿಂತೆ, ಟೈಲ್‌ವಿಂಡ್‌ನಿಂದಲೇ ಶುರು ಮಾಡಿದ ಹೊಸಬರದು. ಅವರಿಗೆ ಅದರ ಸಂಕ್ಷಿಪ್ತ ಹೆಸರುಗಳು ಬಾಯಿಪಾಠ. ಅದರ ಕೆಳಗಿರುವ ಸಿಎಸ್‌ಎಸ್ ಗ್ರಿಡ್ (ಸಾಲು, ಕಂಬಗಳಲ್ಲಿ ಪುಟ ಜೋಡಿಸುವ ವಿಧಾನ) ಹೇಗೆ ಜಾಗ ಹಂಚುತ್ತದೆ ಎಂದು ಕೇಳಿದರೆ ತಡವರಿಸುತ್ತಾರೆ.

ಜಗಳ ನಡೆಯುತ್ತಿರುವಾಗಲೇ ಬ್ರೌಸರ್‌ಗಳು ತಮ್ಮ ಕೆಲಸ ಮಾಡುತ್ತಾ ಹೋದವು. 2017ರ ಮಾರ್ಚ್ ಒಂದೇ ತಿಂಗಳಲ್ಲಿ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರಕ್ಕೂ ಗ್ರಿಡ್ ಬಂತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್‌ನಲ್ಲಿ ನಿವೃತ್ತಿಯಾಯಿತು. ಅದೇ ವರ್ಷ ಕ್ಯಾಸ್ಕೇಡ್ ಲೇಯರ್‌ಗಳು ಬಂದವು. ಇನ್ನು ಯಾವ ಗುಂಪಿನ ನಿಯಮ ಗೆಲ್ಲಬೇಕು ಎಂದು ನೇರವಾಗಿ ಹೇಳಬಹುದು, ಸೆಲೆಕ್ಟರ್ ಉದ್ದ ಮಾಡುವ ಪೈಪೋಟಿ ಬೇಕಿಲ್ಲ. 2023ರಲ್ಲಿ ನೆಸ್ಟಿಂಗ್ ಮತ್ತು ಕಂಟೇನರ್ ಕ್ವೆರಿ (ಸುತ್ತಲಿನ ಚೌಕಟ್ಟಿನ ಅಳತೆಗೆ ತಕ್ಕಂತೆ ರೂಪ ಬದಲಿಸುವುದು) ಸೇರಿಕೊಂಡವು. ಸಾಸ್ ಬೇಕು ಎನ್ನಲು ಇದ್ದ ದೊಡ್ಡ ಕಾರಣಗಳೇ ಕರಗಿದವು. ತಮಾಷೆ ಏನೆಂದರೆ, 2025ರ ಜನವರಿಯಲ್ಲಿ ಬಂದ ಟೈಲ್‌ವಿಂಡ್ 4 ಕೂಡ ಈ ಲೇಯರ್‌ಗಳು ಮತ್ತು ಸಿಎಸ್‌ಎಸ್ ವೇರಿಯೇಬಲ್‌ಗಳ ಮೇಲೆ ನಿಂತಿದೆ. ಅದರ ಸೆಟ್ಟಿಂಗ್‌ಗಳನ್ನೂ ಈಗ ಸಿಎಸ್‌ಎಸ್ ಫೈಲ್‌ನಲ್ಲೇ ಬರೆಯುತ್ತಾರೆ.

ಹಾಗಾದರೆ ಟೂಲ್‌ಗಳು ಬೇಡವೇ? ಅಲ್ಲಿಗೆ ಇನ್ನೂ ಬಂದಿಲ್ಲ. 2023ರಲ್ಲಿ ಕ್ರೋಮ್‌ಗೆ ಬಂದ ಸ್ಕೋಪ್ ಸೌಲಭ್ಯ ಒಂದು ನಿಯಮ ಎಲ್ಲಿಯವರೆಗೆ ತಗುಲಬೇಕು ಎಂದು ಗೆರೆ ಎಳೆಯುತ್ತದೆ. ಬೇಲಿ ಸಿಕ್ಕಿತು. ಆದರೆ ಬೇಲಿಯೊಳಗಿನ ನಿಯಮ ಈಗಲೂ ಯಾರಿಗಾದರೂ ಬೇಕೇ ಎಂದು ಬ್ರೌಸರ್ ಹೇಳಲಾರದು. ಅದಕ್ಕೆ ಕಾಣುವುದು ಆ ಹೊತ್ತಿನಲ್ಲಿ ತೆರೆದಿರುವ ಪುಟ ಮಾತ್ರ. ನಾಳೆ ಯಾರೋ ಲಾಗಿನ್ ಆದಾಗ, ತಪ್ಪು ಪಾಸ್‌ವರ್ಡ್ ಹಾಕಿದಾಗ ಬರುವ ಕ್ಲಾಸ್ ಅದಕ್ಕೆ ಹೇಗೆ ಗೊತ್ತಾಗಬೇಕು? ಟೈಲ್‌ವಿಂಡ್ ಅದನ್ನು ಸೋರ್ಸ್ ಫೈಲ್‌ಗಳನ್ನೆಲ್ಲ ಓದಿ ಕಂಡುಕೊಳ್ಳುತ್ತದೆ. ಅದಕ್ಕೂ ಒಂದು ಷರತ್ತಿದೆ. ಕ್ಲಾಸ್ ಹೆಸರು ಕೋಡ್‌ನಲ್ಲಿ ಇಡಿಯಾಗಿ ಇರಬೇಕು. 'ಬಣ್ಣ' ಎಂಬ ತುಂಡಿಗೆ 'ಕೆಂಪು' ಎಂಬ ತುಂಡನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಆಮೇಲೆ ಅಂಟಿಸಿದರೆ ಆ ಕ್ಲಾಸ್ ಅದರ ಕಣ್ಣಿಗೆ ಬೀಳುವುದಿಲ್ಲ, ಪುಟಕ್ಕೆ ಬಣ್ಣವೂ ಬರುವುದಿಲ್ಲ.