ಗುಳ್ಳೆ ಒಡೆಯುವುದಿಲ್ಲ, ಕುಸಿಯುತ್ತದೆ: ಸದ್ದಿಲ್ಲದ ಜಲಾಂತರ್ಗಾಮಿಯ ಪಾಠ

ಕಲಬುರಗಿಯ ಕಪನೂರಿನಲ್ಲಿ ನಾನು ಬಾಡಿಗೆಗಿರುವ ಕೋಣೆಯ ಗೋಡೆಯಾಚೆ ಒಂದು ದಾಲ್ ಮಿಲ್ ಇದೆ. ತೊಗರಿ ರಾಶಿ ಮುಗಿದ ಮೇಲೆ ಅದಕ್ಕೆ ಬಿಡುವೇ ಇರುವುದಿಲ್ಲ. ಕಿಟಕಿ ಮುಚ್ಚಿದರೆ ಗದ್ದಲ ತಗ್ಗುತ್ತದೆ, ಆದರೆ ತಟ್ಟೆಯ ಮೇಲಿಟ್ಟ ಸ್ಟೀಲ್ ಲೋಟದ ಗಿಣಿಗಿಣಿ ನಿಲ್ಲುವುದಿಲ್ಲ. ಯಂತ್ರದ ಬುಡದಿಂದ ನೆಲಕ್ಕೆ, ನೆಲದಿಂದ ಗೋಡೆಗೆ ಹತ್ತಿ ಬಂದ ನಡುಕ ಅದು. ಜಲಾಂತರ್ಗಾಮಿಯ ಮೊದಲ ತಲೆನೋವೂ ಇದೇ.

ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಬೆಳಕು ಸೋತ ಆಳದಲ್ಲೂ ಬಹುದೂರ ಮುಟ್ಟುತ್ತದೆ, ಶತ್ರುವಿನ ಕಿವಿಗೂ. ಆದ್ದರಿಂದ ಪಂಪು, ಟರ್ಬೈನುಗಳನ್ನು ರಬ್ಬರ್ ಮೆತ್ತೆಗಳ ಮೇಲೆ ಒಂದು ಭಾರಿ ಚೌಕಟ್ಟಿಗೆ ಕೂರಿಸಿ, ಆ ಚೌಕಟ್ಟನ್ನು ಮತ್ತೆ ಮೆತ್ತೆಗಳ ಮೇಲೆ ನಿಲ್ಲಿಸುತ್ತಾರೆ. ನಡುಕ ಎರಡು ಹೊಸ್ತಿಲು ದಾಟಬೇಕು.

ಪ್ರೊಪೆಲರ್‌ಗೆ ಈ ಉಪಾಯ ಸಲ್ಲದು, ಅದು ನೀರಿನಲ್ಲೇ ಇರುವಂಥದ್ದು. ರೆಕ್ಕೆ ವೇಗವಾಗಿ ತಿರುಗಿದಾಗ ಅದರ ಒಂದು ಬದಿಯಲ್ಲಿ ಒತ್ತಡ ಎಷ್ಟು ಇಳಿಯುತ್ತದೆಂದರೆ, ತಣ್ಣಗಿರುವ ನೀರೇ ಆವಿಯಾಗಿ ಗುಳ್ಳೆ ಏಳುತ್ತದೆ. ಇದು ಕ್ಯಾವಿಟೇಶನ್. ಒತ್ತಡ ಹೆಚ್ಚಿರುವ ಕಡೆಗೆ ಸರಿದೊಡನೆ ಗುಳ್ಳೆ ಕುಸಿದು ಸಿಡಿಲಿನಂತೆ ಸದ್ದು ಮಾಡುತ್ತದೆ. ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುವುದರಿಂದ, ಆಳಕ್ಕಿಳಿದ ನೌಕೆ ಗುಳ್ಳೆ ಏಳಿಸದೆ ಇನ್ನಷ್ಟು ವೇಗವಾಗಿ ಸಾಗಬಹುದು.

ಇಲ್ಲಿ ಗೌರವದಿಂದ ನೆನೆಯಬೇಕಾದವರು ಮರ್ರಿ ಸ್ಟ್ರಾಸ್‌ಬರ್ಗ್. ಅಮೆರಿಕ ನೌಕಾಪಡೆಯ ಡೇವಿಡ್ ಟೇಲರ್ ಮಾಡೆಲ್ ಬೇಸಿನ್ ಎಂಬ ಹಡಗು ಮಾದರಿಗಳ ಪರೀಕ್ಷಾ ಕೇಂದ್ರದಲ್ಲಿ ದುಡಿದ ಧ್ವನಿತಜ್ಞ. ದ್ರವದೊಳಗಿನ ಅನಿಲದ ಗುಳ್ಳೆ ಸದ್ದು ಮಾಡುವ ಬಗೆಯನ್ನು 1956ರ ಪ್ರಬಂಧದಲ್ಲಿ ಬಿಡಿಸಿಟ್ಟರು. ಗುಳ್ಳೆಯ ಆಕಾರ ಎಷ್ಟು ಕುಣಿದರೂ ಹೊರಡುವ ಸದ್ದು ನಗಣ್ಯ. ಗಾತ್ರ ಹಿಗ್ಗಿ ಕುಗ್ಗಿದರೆ ಮಾತ್ರ ಕಿವಿಗೆ ಬೀಳುತ್ತದೆ. ಹಂಡೆಗೆ ನಲ್ಲಿಯ ಹನಿ ಬಿದ್ದಾಗಿನ ‘ಬುಳಕ್’ ಕೂಡ ಒಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಯ ಈ ಹಿಗ್ಗು–ಕುಗ್ಗೇ. ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ 3,000ಕ್ಕೂ ಹೆಚ್ಚು ಬಾರಿ ಮಿಡಿಯುತ್ತದೆ. ‘ಗುಳ್ಳೆ ಒಡೆದು ಸದ್ದಾಗುತ್ತದೆ’ ಎಂದು ಪರೀಕ್ಷೆಯಲ್ಲಿ ಬರೆದು ನಾನು ಅಂಕ ಕಳೆದುಕೊಂಡಿದ್ದೇನೆ. ನೀವು ಹಾಗೆ ಬರೆಯಬೇಡಿ.

ಗುಳ್ಳೆ ಇಲ್ಲದಿದ್ದರೂ ಪ್ರೊಪೆಲರ್ ಮೌನಿಯಲ್ಲ. ಅದರ ಮುಂದಿರುವ ನಾಲ್ಕು ಚುಕ್ಕಾಣಿ ಫಲಕಗಳ ಹಿಂದೆ ನೀರು ನಿಧಾನವಾಗಿ ಹರಿಯುತ್ತದೆ. ಪ್ರತಿ ರೆಕ್ಕೆಯೂ ಆ ನಿಧಾನ ನೀರಿನ ಪಟ್ಟೆಗಳನ್ನು ದಾಟುವಾಗ ಧಕ್ಕೆ ತಿನ್ನುತ್ತದೆ. ರೆಕ್ಕೆಗಳೂ ನಾಲ್ಕೇ ಇದ್ದರೆ ನಾಲ್ಕಕ್ಕೂ ಒಮ್ಮೆಗೇ ಧಕ್ಕೆ. ಏಳಿದ್ದರೆ ಒಂದು ದಾಟುವಾಗ ಉಳಿದವು ಬೇರೆ ಬೇರೆ ಜಾಗದಲ್ಲಿರುತ್ತವೆ, ಧಕ್ಕೆ ಹಂಚಿಹೋಗುತ್ತದೆ. ರೆಕ್ಕೆಯನ್ನು ಕುಡುಗೋಲಿನಂತೆ ಬಾಗಿಸಿದರೆ ಇನ್ನೂ ಒಳ್ಳೆಯದು: ಬುಡ ಮೊದಲು, ತುದಿ ಆಮೇಲೆ, ಹೀಗೆ ಪಟ್ಟೆಯೊಳಗೆ ಮೆಲ್ಲನೆ ನುಸುಳುತ್ತದೆ. ತೊಗರಿ ಕೊಯ್ದವರ ಕೈಗೆ ಈ ಬಾಗು ಹೊಸದಲ್ಲ.

ಪರೀಕ್ಷೆಯಲ್ಲಿ ಲೆಕ್ಕ ಬಂದರೆ: ನಿಮಿಷಕ್ಕೆ 120 ಸುತ್ತು ಎಂದರೆ ಸೆಕೆಂಡಿಗೆ 2, ಏಳು ರೆಕ್ಕೆಗಳಿಗೆ 14 ಹರ್ಟ್ಸ್. ನೀರೊಳಗಿನ ಸದ್ದನ್ನು ಆಲಿಸುವ ಶತ್ರುವಿನ ಸೋನಾರ್ ಪರದೆಯ ಮುಂದೆ ಕುಳಿತವರು ಹುಡುಕುವ ಗೆರೆಗಳಲ್ಲಿ ಇದೂ ಒಂದು.

ಲೋಟದ ಕೆಳಗೆ ಹಳೆಯ ಹವಾಯಿ ಚಪ್ಪಲಿಯ ತುಂಡಿಟ್ಟೆ. ಲೋಟ ಸುಮ್ಮನಾಯಿತು, ತಟ್ಟೆ ಇನ್ನೂ ಗುಣುಗುಟ್ಟುತ್ತಿದೆ. ಇನ್ನೊಂದು ಚಪ್ಪಲಿಯನ್ನೂ ಕತ್ತರಿಸಬೇಕು.