ವೈರಿನ ತುದಿಯಲ್ಲಿ 14 ಬರ್ತಿದೆಯಲ್ಲಾ!

ಪಿಕಪ್ ಹಿಂದೆ ಕ್ಯಾಂಪರ್ (ಟ್ರಿಪ್ಪಿನಲ್ಲಿ ಮಲಗೋಕೆ ಅಂತ ಮಾಡಿದ ಪುಟ್ಟ ಕೋಣೆ) ಕೂರಿಸಿಕೊಂಡವರು ನನ್ನ ಶೆಡ್ಡಿಗೆ ಬಂದ ಕೂಡಲೇ ಹೇಳುವ ಮಾತು ಒಂದೇ. 'ಬ್ಯಾಟರಿ ಡೂಪ್ಲಿಕೇಟ್ ಕೊಟ್ಟುಬಿಟ್ಟಿದ್ದಾರೆ ಅಣ್ಣ.' ಅವರು ಹೇಳುವುದು ಕ್ಯಾಂಪರಿನ ಫ್ರಿಜ್ಜಿಗೆ ಅಂತ ಹಿಂದೆ ಇಟ್ಟ ಎರಡನೇ ಬ್ಯಾಟರಿಯನ್ನು. ಇಂಜಿನ್ ಓಡುವಾಗ ಆಲ್ಟರ್ನೇಟರ್, ಅಂದರೆ ಇಂಜಿನ್ ತಿರುಗಿಸುವ ಡೈನಮೊ, ಮುಂದಿನಿಂದ ಎಳೆದ ವೈರಿನ ಮೂಲಕ ಅದನ್ನು ಚಾರ್ಜ್ ಮಾಡಬೇಕು. ಬ್ಯಾಟರಿ ಪಾಪ, ಏನೂ ಮಾಡಿರುವುದಿಲ್ಲ. ಅದಕ್ಕೆ ಹೊಟ್ಟೆ ತುಂಬಾ ಸಿಕ್ಕೇ ಇರುವುದಿಲ್ಲ.

ಹೋದ ಮಳೆಗಾಲ ಮುಗಿದ ಮೇಲೆ ಕೊಡಗಿನ ಸಿದ್ದಾಪುರ ಕಡೆಯ ಪ್ಲಾಂಟರ್ ಒಬ್ಬರು ಬಂದರು. ತಲಕಾವೇರಿ ಕಡೆ ಎರಡು ರಾತ್ರಿ ಹೋಗಿದ್ದರಂತೆ. ಎರಡನೇ ರಾತ್ರಿ ಫ್ರಿಜ್ ನಿಂತು ಎರಡು ಕೆಜಿ ಹಂದಿ ಮಾಂಸ ಹಾಳು. ನಾನು ಫ್ರಿಜ್ ಬಾಗಿಲು ತೆಗೆದವನು ಹಾಗೇ ಮುಚ್ಚಿದೆ! 'ವೈರಿನ ತುದಿಯಲ್ಲಿ 14.2 ವೋಲ್ಟ್ ಇದೆ, ನಾನೇ ಮೀಟರ್ ಇಟ್ಟು ನೋಡಿದೆ' ಅಂತ ಅವರ ವಾದ. ನೋಡಿದ್ದು ನಿಜವೇ. ಆದರೆ ವೈರನ್ನು ಬ್ಯಾಟರಿಯಿಂದ ಬಿಚ್ಚಿ ನೋಡಿದ್ದರು.

'ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕ್ತೀರಲ್ವಾ, ಜೆಟ್ ಎಲ್ಲಾ ಮುಚ್ಚಿದ್ರೆ ಪೈಪ್ ತುದಿಯಲ್ಲಿ ಪ್ರೆಶರ್ ಎಷ್ಟಿರುತ್ತೆ?' ಅಂದೆ. ಫುಲ್ ಅಂದರು. ತೆಗೆದ್ರೆ? ಸುಮ್ಮನಾದರು. ವೈರೂ ಅಷ್ಟೇ. ಕರೆಂಟ್ ಹರಿಯದಿದ್ದರೆ ಕೂದಲಿನಷ್ಟು ತೆಳು ವೈರಿನ ತುದಿಯಲ್ಲೂ 14 ತೋರಿಸುತ್ತದೆ. ಬ್ಯಾಟರಿ ಎಳೆಯೋಕೆ ಶುರು ಮಾಡಿದಾಗಲೇ ವೈರಿನ ಬಣ್ಣ ಬಯಲಾಗುವುದು.

ಅವರು ಹಾಕಿದ್ದು ಮನೆ ಪ್ಲಗ್ ಪಾಯಿಂಟಿಗೆ ಎಳೆಯುವ 2.5 ಸ್ಕ್ವೇರ್ ಎಂಎಂ ವೈರ್. ಮುಂದಿನಿಂದ ಹಿಂದಕ್ಕೆ 6 ಮೀಟರ್, ವಾಪಸ್ ಅರ್ತ್ ವೈರೂ ಸೇರಿದರೆ 12. ಅದರಲ್ಲಿ 20 ಆಂಪ್ ಹರಿಸಬೇಕಾದರೆ ಹತ್ತಿರ ಹತ್ತಿರ 1.8 ವೋಲ್ಟ್ ವೈರೇ ತಿನ್ನುತ್ತದೆ. ಉಳಿದ 12.4ರಲ್ಲಿ ಅರ್ಧ ಖಾಲಿಯಾದ ಬ್ಯಾಟರಿ 20 ಆಂಪ್ ತಗೊಳ್ಳುವುದಿಲ್ಲ, ಹರಿವೇ ಕಡಿಮೆಯಾಗಿಬಿಡುತ್ತದೆ. ಬ್ಯಾಟರಿ ಕಟ್ಟಿ, ಇಂಜಿನ್ ಓಡಿಸಿ ಅಳೆದೆ. ಬ್ಯಾಟರಿ ಟರ್ಮಿನಲ್ ಮೇಲೆ 13.1, ಹರಿಯುವ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ 9 ಆಂಪ್. ಅರ್ತ್ ಬೋಲ್ಟ್ ಬಿಚ್ಚಿದರೆ ಲಗ್ (ವೈರಿನ ತುದಿಯ ಲೋಹದ ಕೊಂಡಿ) ಪಾಚಿಯಂತೆ ಹಸಿರಾಗಿತ್ತು. ನಮ್ಮ ಮಳೆಗೆ ಒಂದೇ ವರ್ಷ ಸಾಕು.

100 ಆಂಪ್ ಅವರ್ ಬ್ಯಾಟರಿ ಅರ್ಧ ಖಾಲಿ ಅಂದರೆ 50 ತುಂಬಬೇಕು. 9ರ ಲೆಕ್ಕದಲ್ಲಿ ಹತ್ತಿರ ಹತ್ತಿರ ಆರು ಗಂಟೆ ಬೇಕು. ಇವರು ಕುಶಾಲನಗರದಿಂದ ಮಡಿಕೇರಿಗೆ 30 ಕಿಲೋಮೀಟರ್ ಓಡಿಸಿ 'ಚಾರ್ಜ್ ಆಗಿರುತ್ತೆ' ಅಂತ ಹಾಸಿಗೆ ಹಾಸಿದ್ದಾರೆ.

25 ಸ್ಕ್ವೇರ್ ಎಂಎಂ ಕೇಬಲ್ ಹಾಕಿ, ಲಗ್ ಒತ್ತಿಸಿ, ಅರ್ತ್ ಜಾಗ ಉಜ್ಜಿ ಕೊಟ್ಟೆ. ಅದೇ 20 ಆಂಪಿಗೆ ಈಗ 0.2 ವೋಲ್ಟಿನಷ್ಟೇ ನಷ್ಟ. ಬಿಲ್ ನೋಡಿ 'ವೈರಿಗೆ ಇಷ್ಟಾ?' ಅಂದರು. ಮಾಂಸದ ರೇಟ್ ನಾನು ಕೇಳಲಿಲ್ಲ. ಕೇಬಲ್ ದಪ್ಪ ಇದ್ದರೂ ಲೆಡ್ ಬ್ಯಾಟರಿಯ ಕೊನೆಯ 20 ಪರ್ಸೆಂಟ್ ನಿಧಾನವೇ, ಗಂಟೆಗಟ್ಟಲೆ ಬೇಕು. ಅದಕ್ಕೆ ನಾನೇನೂ ಮಾಡೋಕಾಗಲ್ಲ.

ಈ ಲೆಕ್ಕ ಹಳೇ ಗಾಡಿಗಳಿಗೆ. ಬಿಎಸ್ 6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ ಎಷ್ಟೋ ಕಡೆ ಆಲ್ಟರ್ನೇಟರ್ ತಾನೇ ವೋಲ್ಟೇಜ್ ಇಳಿಸಿಕೊಳ್ಳುತ್ತದೆ, ಅಲ್ಲಿ ಬರೀ ದಪ್ಪ ಕೇಬಲ್ ಸಾಲದು, ಇಳಿದ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಷ್ಟು ಏರಿಸಿ ಕೊಡುವ ಡಿಸಿ ಟು ಡಿಸಿ ಚಾರ್ಜರ್ ಬೇಕು. ಲಿಥಿಯಂ ಬ್ಯಾಟರಿಯಂತೂ ನೇರ ಕಟ್ಟಲೇಬೇಡಿ. ಅದು ಸಿಕ್ಕಷ್ಟೂ ಎಳೆಯುತ್ತದೆ, ಘಾಟಿಯಲ್ಲಿ ಟ್ರಾಫಿಕ್ ನಿಂತು ಇಂಜಿನ್ ಐಡಲಿನಲ್ಲಿದ್ದಾಗ ಆಲ್ಟರ್ನೇಟರ್ ಸುಟ್ಟೇ ಹೋಗಬಹುದು. ನಿಮ್ಮ ಗಾಡಿಗೆ ಯಾವುದು ಸರಿ ಅಂತ ಗಾಡಿ ನೋಡದೆ ಫೋನಿನಲ್ಲಿ ಹೇಳಲ್ಲ. ಫ್ಯೂಸ್ ಮಾತ್ರ ಯಾವ ಗಾಡಿಯಾದರೂ ಎರಡೂ ತುದಿಗೆ ಬೇಕು, ಎರಡೂ ಕಡೆ ಬ್ಯಾಟರಿ ಕೂತಿದೆಯಲ್ಲಾ.