ಹಳೆಯ ರ‍್ಯಾಮ್ ಮಾರುವ ಮುನ್ನ ಅದರಲ್ಲಿನ ಮಾಹಿತಿಯನ್ನು ಅಳಿಸಬೇಕೆ?

ಓದುಗರ ಪ್ರಶ್ನೆ: ಕಂಪ್ಯೂಟರಿಗೆ ಹೊಸ ರ‍್ಯಾಮ್ ಹಾಕಿಸಿದ ಮೇಲೆ ಹಳೆಯ ಎರಡು ಸ್ಟಿಕ್‌ಗಳು ಉಳಿದಿವೆ. ಆನ್‌ಲೈನಿನಲ್ಲಿ ಮಾರಿದರೆ ನನ್ನ ಪಾಸ್‌ವರ್ಡು, ಕಡತಗಳು ಕೊಂಡವರ ಕೈಸೇರುವ ಭಯವಿದೆಯೇ?

ಇಲ್ಲ. ರ‍್ಯಾಮ್ ಚಿಪ್ಪಿನಲ್ಲಿ ಪ್ರತಿಯೊಂದು ಬಿಟ್ ಕೂಡ ಅತಿ ಸಣ್ಣ ಕೆಪಾಸಿಟರಿನಲ್ಲಿ ವಿದ್ಯುದಾವೇಶವಾಗಿ ನಿಂತಿರುತ್ತದೆ. ಅದು ಸದಾ ಸೋರುವುದರಿಂದ ಡಿಡಿಆರ್4 ಮಾದರಿಯಲ್ಲಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಮರುಪೂರಣ ನಡೆಯಬೇಕು. ವಿದ್ಯುತ್ ಕಡಿದರೆ ಕೆಲವು ಕ್ಷಣಗಳಲ್ಲಿ, ಹೆಚ್ಚೆಂದರೆ ಕೆಲವು ನಿಮಿಷಗಳಲ್ಲಿ, ಎಲ್ಲವೂ ಮಾಯವಾಗುತ್ತದೆ. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಚಿಪ್ಪುಗಳನ್ನು ಸುಮಾರು ಮೈನಸ್ 50 ಡಿಗ್ರಿಗೆ ತಣಿಸಿ ಮಾಹಿತಿಯನ್ನು ಇನ್ನಷ್ಟು ಹೊತ್ತು ಉಳಿಸಿ ತೋರಿಸಿದ್ದುಂಟು. ಆದರೆ ಪೊಟ್ಟಣದಲ್ಲಿ ದಿನಗಟ್ಟಲೆ ಪ್ರಯಾಣಿಸುವ ಸ್ಟಿಕ್‌ಗೆ ಅದು ಅನ್ವಯಿಸದು. (ಹಾರ್ಡ್ ಡಿಸ್ಕ್ ಮತ್ತು ಎಸ್‌ಎಸ್‌ಡಿಗಳ ಮಾತೇ ಬೇರೆ; ಅವನ್ನು ಅಳಿಸದೆ ಮಾರಲೇಬಾರದು.)

ಮಾರುವವರು ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಸ್ಟಿಕ್ ಮೇಲಿನ ಚೀಟಿಯ ಬಗ್ಗೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಕೊಂಡವರು ರ‍್ಯಾಮ್ ಹಿಂದಿರುಗಿಸುವುದು ಬಹುಮಟ್ಟಿಗೆ ಅದು ತಮ್ಮ ಯಂತ್ರಕ್ಕೆ ಹೊಂದದಿದ್ದಾಗ. ಉದಾಹರಣೆಗೆ, ‘8ಜಿಬಿ 1ಆರ್‌ಎಕ್ಸ್8 ಪಿಸಿ4-2400ಟಿ-ಯು’ ಎಂದಿದ್ದರೆ ಅದು 8 ಜಿಬಿ ಗಾತ್ರದ, ಒಂದೇ ರ‍್ಯಾಂಕಿನ (ಒಟ್ಟಿಗೆ ಕೆಲಸ ಮಾಡುವ ಚಿಪ್ಪುಗಳ ಒಂದೇ ಗುಂಪಿರುವ) ಡಿಡಿಆರ್4 ಸ್ಟಿಕ್. ಕೊನೆಯ ‘ಯು’ ಸಾಮಾನ್ಯ ಡೆಸ್ಕ್‌ಟಾಪಿನದೆಂದು ಹೇಳುತ್ತದೆ. ಅದೇ ಜಾಗದಲ್ಲಿ ‘ಎಸ್’ ಇದ್ದರೆ ಲ್ಯಾಪ್‌ಟಾಪಿನದು, ‘ಆರ್’ ಇದ್ದರೆ ಸರ್ವರಿನದು. ಸರ್ವರಿನ ಸ್ಟಿಕ್ ನೋಡಲು ಡೆಸ್ಕ್‌ಟಾಪಿನದರಂತೆಯೇ ಇದ್ದು ಅದರ ಸ್ಲಾಟಿನಲ್ಲಿ ಕೂರುತ್ತದೆಯಾದರೂ ಸಾಮಾನ್ಯ ಮದರ್‌ಬೋರ್ಡು ಅದರೊಂದಿಗೆ ಆನ್ ಆಗುವುದಿಲ್ಲ. ಆದ್ದರಿಂದ ಜಾಹೀರಾತಿನಲ್ಲಿ ‘8 ಜಿಬಿ ರ‍್ಯಾಮ್’ ಎಂದಷ್ಟೇ ಬರೆಯದೆ, ಚೀಟಿಯ ಅಕ್ಷರಗಳು ಸ್ಫುಟವಾಗಿ ಕಾಣುವಂತೆ ಫೋಟೊ ಹಾಕಿ. ಚೀಟಿ ಕಿತ್ತುಹೋಗಿದ್ದರೆ, ಸ್ಟಿಕ್ಕನ್ನು ಕಂಪ್ಯೂಟರಿಗೆ ಹಾಕಿ ಸಿಪಿಯು-ಝಡ್ ತಂತ್ರಾಂಶದಲ್ಲಿ ಅದರ ಪಾರ್ಟ್ ನಂಬರ್ ನೋಡಬಹುದು.

ಮಾರುವ ಮುನ್ನ ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86+ ಎಂಬ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ಓಡಿಸಿ, ಕನಿಷ್ಠ ಒಂದು ಪೂರ್ಣ ಸುತ್ತು ಮುಗಿಯುವವರೆಗೆ ಕಾಯಿರಿ. ಎರಡೂ ಸ್ಟಿಕ್‌ಗಳನ್ನು ಒಟ್ಟಿಗೆ ಹಾಕಿದಾಗ ದೋಷ ಕಂಡರೆ ಒಂದೊಂದನ್ನೇ ಬೇರೆಯಾಗಿ ಪರೀಕ್ಷಿಸಿ. ದೋಷವಿರುವುದು ಬಹುಶಃ ಒಂದರಲ್ಲಿ ಮಾತ್ರ. ಕಳುಹಿಸುವಾಗ ಸ್ಥಿರ ವಿದ್ಯುತ್ ತಡೆಯುವ ಚೀಲ ಬೇಕು, ಬಬಲ್ ರ‍್ಯಾಪ್ ಒಂದೇ ಸಾಲದು.

ಗೇಮಿಂಗ್ ಸ್ಟಿಕ್‌ಗಳಾದರೆ ಇನ್ನೊಂದು ತೊಡಕಿದೆ. ಪೆಟ್ಟಿಗೆಯ ಮೇಲಿನ 3200ರ ವೇಗ ಹಲವು ಸಲ ಬಯಾಸಿನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳಲ್ಲಿ) ಎಕ್ಸ್‌ಎಂಪಿ ಎಂಬ ವೇಗ ಹೆಚ್ಚಿಸುವ ಸೆಟ್ಟಿಂಗ್ ಆಯ್ಕೆ ಮಾಡಿದ ಮೇಲಷ್ಟೇ ದೊರೆಯುತ್ತದೆ. ಇದನ್ನು ಮೊದಲೇ ಬರೆಯದಿದ್ದರೆ, ತೆರೆಯ ಮೇಲೆ 2133 ಕಂಡ ಖರೀದಿದಾರರು ಮೋಸವಾಯಿತೆಂದು ದೂರು ಕೊಡುತ್ತಾರೆ.